ಪ್ರಾಚೀನ ಚೀನೀ ನಿಘಂಟಿನಲ್ಲಿ ಸದ್ದಡಗಿದ ಸದ್ದುಗಳು: ಒಂದು ಧ್ವನ್ಯನುಕರಣೋತ್ತರ ಮೀಮಾಂಸೆ

ಪೀಠಿಕೆ: ಅನುಕರಣಾವ್ಯಯ ಎಂದರೇನೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದಕಾರಣ ವಿದ್ವಾಂಸರಾದ ನಾವು ಅದನ್ನು ‘ಶ್ರವಣಪೂರ್ವ ಸಂಕೇತಿತ ನಾದಪ್ರತಿನಿಧಾನ’ ಎಂದು ಕರೆಯತಕ್ಕದ್ದು. ಇನ್ನು ಮುಂದೆ ‘ಶ್ರಸಂನಾ’. ಆಕರ: ಶು ಷೆನ್ ಕ್ರಿ.ಶ. 100ರಲ್ಲಿ ಮುಗಿಸಿದ ‘ಷುವೊವೆನ್ ಜಿಯೆಜಿ’. ಅಕ್ಷರಗಳು 9,353, ಅವನ್ನು ಹಂಚಿಟ್ಟ ವಿಭಾಗಗಳು 540. ಇಷ್ಟು ವಿಭಾಗಗಳಿದ್ದೂ ಶ್ರಸಂನಾಗಳಿಗೆ ವರ್ಗೀಕರಣವಿಲ್ಲದಿರುವುದು ಶೋಚನೀಯ. ಆ ಕೊರತೆಯನ್ನು ಇಲ್ಲಿ ನೀಗಿಸಲಾಗಿದೆ.

ವರ್ಗ 1, ಶಿಲಾಜನ್ಯ ಶ್ರಸಂನಾ: ಇಂದಿನ ಉಚ್ಚಾರಣೆಯಲ್ಲಿ ಲಿಂಗ್, ಚಿಯಾಂಗ್, ಡಿಂಗ್, ಚೆಂಗ್, ಸುವೊ, ಹುವಾಂಗ್. ಈ ಆರಕ್ಕೂ ನಿಘಂಟು ಕೊಡುವ ಅರ್ಥ ಒಂದೇ: ಜೇಡ್ ಕಲ್ಲಿನ ಸದ್ದು. ಯಾವುದು ಎಂಥ ಸದ್ದು? ಜೇಡ್ ಕಲ್ಲಿನಂಥದು.

ವರ್ಗ 2, ಪ್ರಾಣಿಜನ್ಯ. 2(ಅ): ‘ಜಿಂಕೆಯ ಕೂಗು’. 2(ಆ): ‘ಕೋಳಿಯ ಸದ್ದು’. 2(ಇ): ‘ಬೆಚ್ಚಿದ ಹಂದಿಯ ಸದ್ದು’. ಬೆಚ್ಚದ ಹಂದಿಯ ಕುರಿತು ಪ್ರತ್ಯೇಕ ಸಂಶೋಧನಾ ಯೋಜನೆಗೆ ಅನುದಾನ ಕೋರಲಾಗಿದೆ.

ವರ್ಗ 3, ಚಕ್ರಜನ್ಯ: ಬಂಡಿಯ ಅಕ್ಷರವನ್ನೇ ಮೂರು ಸಲ ಬರೆದು, ಒಂದರ ಮೇಲೊಂದು ಪೇರಿಸಿದರೆ ‘ಬಂಡಿಗಳ ಹಿಂಡಿನ ಸದ್ದು’. ಎರಡೇ ಬಂಡಿ ಇದ್ದರೆ ಸದ್ದಾಗುವುದಿಲ್ಲವೆಂದು ಭಾವಿಸತಕ್ಕದ್ದು.

ವರ್ಗ 4, ಶಿಶುಜನ್ಯ: ‘ಎಳೆಮಗುವಿನ ಅಳು’. ರಚನೆ: ಬಾಯಿ ಮತ್ತು ಬಳ್ಳಿಯ ಕಾಯಿ. ಕಾಯಿ ಇಲ್ಲಿ ಉಚ್ಚಾರಣೆಗೆ ಮಾತ್ರ. ಮಗು ಅದನ್ನು ಕೇಳಿ ಅತ್ತದ್ದಲ್ಲ. ಆ ಅಳುವನ್ನು ಉಚ್ಚರಿಸುವುದು ಹೇಗೆ? 986ರಲ್ಲಿ ಶು ಶುವಾನ್ ಪರಿಷ್ಕರಿಸಿದ ಈ ನಿಘಂಟಿನ ಪ್ರತಿಯಲ್ಲಿ ಉಪಾಯವಿದೆ. ‘ಹಳೆಯದು’ ಎಂಬರ್ಥದ ಅಕ್ಷರದಿಂದ ಮೊದಲ ಧ್ವನಿ ತೆಗೆದುಕೊಳ್ಳಿ, ಇನ್ನೊಂದು ಅಕ್ಷರದಿಂದ ಉಳಿದದ್ದು, ಎರಡನ್ನೂ ಬೆಸೆಯಿರಿ. ನಿಘಂಟು ಮುಗಿದು 886 ವರ್ಷವಾದ ಮೇಲಿನ ಆ ಪ್ರತಿಯಲ್ಲಿ ಮಗುವಿನ ಅಳು ಓದಲು ಬರುತ್ತದೆ. ಈಗ ಅದನ್ನು ‘ಗೂ’ ಎಂದು ಓದುತ್ತಾರೆ. ಯಾವ ಮಗು ಹಾಗೆ ಅಳುತ್ತದೆ?

ವರ್ಗ 5ರಿಂದ 11ರವರೆಗೆ ಓದುಗರೇ ಮಾಡಿಕೊಳ್ಳಲಿ. ನನಗೆ ಸಾಕಾಯಿತು.

ಏಕೆಂದರೆ ನಾಲ್ಕನೆಯ ವರ್ಗಕ್ಕೆ ಶು ಷೆನ್ ಕೊಡುವ ಉದಾಹರಣೆ ಯಾವ ಮಗುವಿನದು ಗೊತ್ತೆ? ಹೌ ಜಿಯದು. ಜೋವು ಮನೆತನದ ಮೂಲಪುರುಷ, ಪ್ರಾಚೀನ ಗೀತಸಂಗ್ರಹ ‘ಶಿಜಿಂಗ್’ನಲ್ಲಿ ಬರುವವನು. ಹುಟ್ಟಿದ ಕೂಸನ್ನು ಓಣಿಯಲ್ಲಿ ಬಿಟ್ಟರು, ದನಕುರಿಗಳು ಕಾಪಾಡಿದವು. ಕಾಡಿನಲ್ಲಿ ಬಿಟ್ಟರು, ಮರ ಕಡಿಯುವವರು ಬಂದರು. ಹಿಮಗಟ್ಟಿದ ನೀರಿನ ಮೇಲೆ ಬಿಟ್ಟರು, ಹಕ್ಕಿಗಳು ರೆಕ್ಕೆ ಹೊದಿಸಿದವು. ಹಕ್ಕಿಗಳು ಹಾರಿಹೋದಾಗ ಅದು ಅತ್ತಿತು. ಮಂಜುಗಡ್ಡೆಯ ಮೇಲೆ ಎಸೆದ ಕೂಸಿನ ಆ ಕೂಗನ್ನು ಮುಂದಿಟ್ಟುಕೊಂಡು ‘ನಾದಪ್ರತಿನಿಧಾನ’ ಎನ್ನುವವರ ನಾಲಿಗೆಗೆ ಏನಾಗಿದೆ? ಒಂದು ಗೋಷ್ಠಿಯಲ್ಲಿ ಇಂಥದೇ ಪ್ರಬಂಧ ಕೇಳಿದೆ. ಬೆಳಗಿನಿಂದ ಊಟದ ಹೊತ್ತಿನವರೆಗೂ ‘ಸಂಕೇತ’, ‘ಸಂಕಥನ’, ‘ವಿನ್ಯಾಸ’. ಒಂದೇ ಒಂದು ಸದ್ದನ್ನು ಯಾರೂ ಬಾಯಿಬಿಟ್ಟು ಮಾಡಿ ತೋರಿಸಲಿಲ್ಲ.

ಶು ಷೆನ್‌ನನ್ನು ದೂರುವಂತಿಲ್ಲ. ಆಗ ದೊಡ್ಡವರು ಜೇಡ್ ತುಣುಕುಗಳನ್ನು ಸೊಂಟಕ್ಕೆ ತೂಗಿಬಿಟ್ಟುಕೊಂಡು ನಡೆಯುತ್ತಿದ್ದರು. ಹೆಜ್ಜೆಗೊಮ್ಮೆ ಅವು ಒಂದಕ್ಕೊಂದು ತಾಕುತ್ತಿದ್ದವು. ಆರು ಮಾತುಗಳಿದ್ದವೆಂದರೆ ಆರನ್ನೂ ಬೇರೆಬೇರೆಯಾಗಿ ಕೇಳಬಲ್ಲವರು ಒಂದು ಕಾಲಕ್ಕೆ ಇದ್ದಿರಬೇಕು. ಕೇಳಿ ಬಲ್ಲವನಿಗೆ ‘ಜೇಡ್ ಕಲ್ಲಿನ ಸದ್ದು’ ಎಂದರೆ ಸಾಕಿತ್ತು. ಆ ಕಿವಿಗಳು ಹೋದವು, ಅವುಗಳೊಂದಿಗೆ ಆರರ ನಡುವಿನ ವ್ಯತ್ಯಾಸವೂ ಹೋಯಿತು. ನಿಘಂಟು ಅದನ್ನು ಉಳಿಸಲಾರದೆ ಹೋದದ್ದಕ್ಕೆ ಅಳಬಹುದು. ಪರಿಭಾಷೆ ಕಟ್ಟಿ ಬಡ್ತಿ ಗಿಟ್ಟಿಸಿಕೊಳ್ಳುವುದು ಮಾತ್ರ ನಾಚಿಕೆಗೇಡು.