ವೈರಿ ಅಂಗಳದಲ್ಲಿ ಕೆಂಪು ಅಂಗಿ

ನಗಬೇಡಿ ರಾಯರೇ, ಈ ಮೂಗು ಸುಟ್ಟಿದ್ದು ಸುಮ್ಮನೆ ತಿರುಗಾಡಿ ಅಲ್ಲ. ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಬ್ಲೀಚರ್ಸ್ ಅಂತ ಇದೆ, ಮೈದಾನದ ಆ ತುದಿಗೆ. ತಲೆ ಮೇಲೆ ಸೂರಿಲ್ಲ, ಬೆನ್ನಿಗೆ ಆಸರೆಯಿಲ್ಲ, ಬರೀ ಬೆಂಚು. ಮಟಮಟ ಮಧ್ಯಾಹ್ನ ಅಲ್ಲಿ ಕೂತು ಬೇಸ್‌ಬಾಲ್ ನೋಡಿ ಬಂದವನು ನಾನು. ಅದೂ ಸಾಲದು ಅಂತ, ಸುತ್ತ ಎಲ್ಲ ನೀಲಿ ಟೋಪಿಯವರು, ನಾನೂ ನಮ್ಮ ಅಳಿಯಂದಿರೂ ಮಾತ್ರ ಕೆಂಪು ಅಂಗಿ.

ಅಳಿಯಂದಿರು ಇರೋದು ಸೇಂಟ್ ಲೂಯಿಸ್‌ನಲ್ಲಿ ತಾನೆ. ಆ ಊರಿನ ಕಾರ್ಡಿನಲ್ಸ್ ಅಂದ್ರೆ ಪ್ರಾಣ. ಶಿಕಾಗೋದ ಕಬ್ಸ್ ಅಂದ್ರೆ ಹುಟ್ಟು ವೈರಿಗಳು. ಎರಡು ಊರಿಗೂ ಮಧ್ಯೆ ಹೆಚ್ಚುಕಡಿಮೆ ಐನೂರು ಕಿಲೋಮೀಟರ್, ನಡುವೆ ಇರೋ ಊರುಗಳಲ್ಲಿ ಗಂಡ ಕೆಂಪು, ಹೆಂಡತಿ ನೀಲಿ ಅನ್ನೋ ಸಂಸಾರಗಳೂ ಇವೆಯಂತೆ. ನಮ್ಮೂರಲ್ಲಿ ನೋಡೋದು ಹಬ್ಬ ಮಾವ, ಅವರೂರಿಗೆ ಹೋಗಿ ನೋಡೋದೇ ಆಟ ಅಂತ ಅಳಿಯಂದಿರ ವಾದ. ಆಗ ಸುಮ್ಮನೆ ತಲೆಯಾಡಿಸಿದ್ದೆ. ಈಗ ನನ್ನದೂ ಅದೇ ವಾದ.

ಏನಂದ್ರಿ? ಹೊಡೀಲಿಲ್ವಾ ಅಂತಲಾ? ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಾದ್ರೆ ಹೊರಗಿನವರನ್ನ ಬೇರೆ ಮೂಲೇಲಿ ಕೂರಿಸಿ ಕಾವಲು ಹಾಕ್ತಾರೆ. ಇಲ್ಲಿ ಆ ಪದ್ಧತಿಯೇ ಇಲ್ಲ, ಟಿಕೆಟ್ ಸಿಕ್ಕ ಕಡೆ ಕೂತ್ಕೋಬಹುದು. ಯಾಕೆ ಅಂದ್ರೆ ವರ್ಷಕ್ಕೆ ಒಂದು ತಂಡ ಆಡೋದು 162 ಆಟ, ಅದರಲ್ಲಿ 81 ಪರಊರಲ್ಲೇ. ಹೋದ ಊರಲ್ಲಿ ಸಾಮಾನ್ಯವಾಗಿ ಮೂರು ದಿನ ಠಿಕಾಣಿ, ಅದೇ ಎದುರಾಳಿ ಜೊತೆ. ಇವತ್ತು ಸೋತರೆ ನಾಳೆ ಇದ್ದೇ ಇದೆ. ದಿನಾ ಕೊರಳಪಟ್ಟಿ ಹಿಡಿಯೋಕೆ ಯಾರಿಗೆ ಪುರುಸೊತ್ತು? ಬಾಯಲ್ಲಿ ಚುಚ್ಚೋದಕ್ಕೆ ಮಾತ್ರ ಬರಗಾಲವಿಲ್ಲ.

ಇನ್ನೊಂದು ಸೂಕ್ಷ್ಮ ಕೇಳಿ. ಬೇಸ್‌ಬಾಲ್‌ನಲ್ಲಿ ಟಾಸ್ ಇಲ್ಲ. ಯಾವತ್ತೂ ಹೊರಗಿಂದ ಬಂದ ತಂಡಕ್ಕೇ ಮೊದಲು ಬ್ಯಾಟಿಂಗ್. ನೆಂಟರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕಡೇ ಪಂಕ್ತಿ, ಥೇಟ್ ನಮ್ಮ ಮದುವೆ ಮನೆ! ಆದರೆ ಈ ಉಪಚಾರದ ಒಳಗೆ ಕಿಲಾಡಿತನ ಇದೆ. ಕಡೇ ಪಂಕ್ತಿಯವನಿಗೆ ಪಾತ್ರೇಲಿ ಎಷ್ಟು ಉಳಿದಿದೆ ಅಂತ ಗೊತ್ತಿರುತ್ತೆ. ಕಡೇದು, ಅಂದ್ರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ನಾವು ಬ್ಯಾಟ್ ಮಾಡಿ ಮುಗಿಸೋ ಹೊತ್ತಿಗೆ ಅವರು ಮುಂದಿದ್ದರೆ, ಮತ್ತೆ ಬ್ಯಾಟ್ ಹಿಡಿಯೋದೇ ಇಲ್ಲ, ಕೈ ಒರೆಸಿಕೊಂಡು ಎದ್ದುಬಿಡ್ತಾರೆ. ಆ ಹೊತ್ತಲ್ಲಿ ಹೊರಗಿನವನ ಹೊಟ್ಟೇಲಿ ಆಗೋ ಸಂಕಟ ಮನೇಲಿ ಕೂತು ಟೀವಿ ನೋಡೋನಿಗೆ ತಿಳಿಯಲ್ಲ.

ಮೈದಾನ 1914ರದು. ರೈಲಿನ ರೆಡ್ ಲೈನ್ ಹಿಡಿದು ಆಡಿಸನ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ. ರಿಗ್ಲಿ ಅಂದ್ರೆ ಚೂಯಿಂಗ್ ಗಮ್ ಮಾರಿ ಸಾಹುಕಾರನಾದವನ ಹೆಸರು. 1988ರವರೆಗೆ ದೀಪವೇ ಹಾಕಿರಲಿಲ್ಲ, ಆಗೆಲ್ಲ ಹಗಲಾಟವೇ. ಸುತ್ತಲಿನ ಇಟ್ಟಿಗೆ ಗೋಡೆಗೆ ಬಳ್ಳಿ ಹಬ್ಬಿಸಿದಾರೆ, 1937ರಲ್ಲಿ ನೆಟ್ಟಿದ್ದು. ಬರೀ ಅಂದಕ್ಕಲ್ಲ ಅದು. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಮೇಲೆತ್ತಬೇಕು. ಅಂಪೈರ್ ಒಪ್ಪಿ ಬ್ಯಾಟರ್‌ಗೆ ಎರಡು ಬೇಸ್ ಕೊಟ್ಟು ಆಟ ನಿಲ್ಲಿಸ್ತಾನೆ. ಕೈಯೆತ್ತದೆ ಎಲೆ ಸರಿಸಿ ತಡಕಾಡೋಕೆ ಹೋದನೋ, ಆಟ ನಡೀತಾನೇ ಇರುತ್ತೆ, ಓಡೋನು ಓಡ್ತಾನೇ ಇರ್ತಾನೆ. ಊರಿನ ಆಟಗಾರನಿಗೆ ಇದು ಬಾಯಿಪಾಠ. ಹೊರಗಿನ ಹುಡುಗ ಅಲ್ಲಿ ಕೈ ಹಾಕೋದನ್ನೇ ಬ್ಲೀಚರ್ಸ್‌ನವರು ಕಾಯ್ತಿರ್ತಾರೆ.

ಗೇಟಿನ ಹತ್ತಿರ ಹ್ಯಾರಿ ಕ್ಯಾರೇ ಅನ್ನೋ ವೀಕ್ಷಕ ವಿವರಣೆಗಾರನ ಪ್ರತಿಮೆ. ಶಿಕಾಗೋದವರಿಗೆ ಆತ ದೇವರ ಸಮಾನ. ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ನಿಂತು ಹಾಡೋ ಹಾಡಿಗೆ ಅಲ್ಲಿ ಹುಚ್ಚು ಹಿಡಿಸಿದವನೇ ಆತ. ಅಳಿಯಂದಿರು ಪ್ರತಿಮೆ ಮುಂದೆ ನಿಂತು ಕೈಮುಗಿದರು. ಯಾಕ್ರೀ ಅಂದೆ. "ಹುಟ್ಟಿದ್ದು ನಮ್ಮ ಸೇಂಟ್ ಲೂಯಿಸ್‌ನಲ್ಲಿ ಮಾವ, ಮೊದಲು ಇಪ್ಪತ್ತೈದು ವರ್ಷ ನಮ್ಮ ಕಾರ್ಡಿನಲ್ಸ್‌ಗೇ ಮಾತಾಡಿದವನು. ಕಬ್ಸ್‌ಗೆ ಬಂದಿದ್ದು 1982ರಲ್ಲಿ." ಜೋರಾಗಿಯೇ ಅಂದರು ಅನ್ನಿ, ಆದರೆ ಕನ್ನಡದಲ್ಲಿ. ಪರಊರಲ್ಲಿ ಕನ್ನಡ ಬಹಳ ಉಪಯೋಗಕ್ಕೆ ಬರುತ್ತೆ.

ನನ್ನ ಪಕ್ಕ ಒಬ್ಬ ಹಿರಿಯರು, ನೀಲಿ ಟೋಪಿ. ಮೊದಲು ನನ್ನ ಅಂಗಿ ನೋಡಿದರು, ಆಮೇಲೆ ನನ್ನ ಮುಖ. "ಲೂ ಬ್ರಾಕ್" ಅಂದರು, ಅಷ್ಟೇ. ನಾನು ಬೆಪ್ಪಾದೆ. ಅಳಿಯಂದಿರು ಬಿಡಿಸಿ ಹೇಳಿದರು: 1964ರ ಜೂನ್‌ನಲ್ಲಿ ಕಬ್ಸ್‌ನವರು ಈ ಬ್ರಾಕ್‌ನನ್ನ ಸೇಂಟ್ ಲೂಯಿಸ್‌ಗೆ ಕೊಟ್ಟು, ಎರ್ನಿ ಬ್ರೋಲಿಯೋ ಅನ್ನೋ ಪಿಚರ್‌ನನ್ನ ತಗೊಂಡರು. ಆ ಪಿಚರ್ ಶಿಕಾಗೋಗೆ ಗೆದ್ದುಕೊಟ್ಟಿದ್ದು ಏಳೇ ಆಟ. ಬ್ರಾಕ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದ, ಕೊನೆಗೆ ಹಾಲ್ ಆಫ್ ಫೇಮ್ ಸೇರಿದ. ನಮ್ಮ ಕಡೆ ದಾಯಾದಿಗಳು ಗದ್ದೆ ಬದುವನ್ನೂ ಇಷ್ಟು ವರ್ಷ ನೆನಪಿಟ್ಟುಕೊಳ್ಳಲ್ಲ. ನಾನು ಹಲ್ಲು ಗಿಂಜಿ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟೆ. ಅವರು ಕಡಲೆಕಾಯಿ ಪೊಟ್ಟಣ ನನ್ನ ಕಡೆ ಸರಿಸಿದರು. ಸಿಪ್ಪೆ ಕಾಲಬುಡಕ್ಕೇ ಉದುರಿಸಬೇಕು, ಅಲ್ಲಿ ಅದೇ ಕ್ರಮ. ನಮ್ಮ ಮನೆಯವಳು ನೋಡಿದ್ದರೆ ಪೊರಕೆ ಹುಡುಕೋಳು.

ಇನ್ನು ಚೆಂಡಿನ ವಿಷಯ. ಕ್ರಿಕೆಟ್‌ನಲ್ಲಿ ಸಿಕ್ಸರ್ ಬಂದು ಬಿದ್ದರೆ ಚೆಂಡು ವಾಪಸ್ ಕೊಡಬೇಕಲ್ವೇ? ಬೇಸ್‌ಬಾಲ್‌ನಲ್ಲಿ ಸಿಕ್ಕಿದವನಿಗೇ ಅದು, ಮನೇಲಿ ಗಾಜಿನ ಪೆಟ್ಟಿಗೇಲಿ ಇಟ್ಕೋತಾರೆ. ಆದರೆ ರಿಗ್ಲಿ ಬ್ಲೀಚರ್ಸ್‌ನಲ್ಲಿ ಬೇರೆ ಕಾನೂನು. ಎದುರಾಳಿ ಹೊಡೆದ ಹೋಮ್ ರನ್ ಚೆಂಡು ಮೈಲಿಗೆ, ಹಿಡಿದವನು ಅದನ್ನ ಮೈದಾನಕ್ಕೇ ವಾಪಸ್ ಎಸೀಬೇಕು. ಎಸೆಯೋವರೆಗೂ ಸುತ್ತಲಿನವರು ಬೊಬ್ಬೆ ನಿಲ್ಲಿಸಲ್ಲ. ನಮ್ಮವನೊಬ್ಬ ಹೊಡೆದ ಚೆಂಡು ನೇರ ನಮ್ಮ ಕಡೆಗೇ ಬಂತು ರಾಯರೇ! ಎದ್ದು ಕುಣಿಯೋಣ ಅಂದ್ರೆ ಸುತ್ತ ಎಲ್ಲ ನೀಲಿ, ಮೊಣಕಾಲು ಅರ್ಧಕ್ಕೇ ನಿಂತಿತು. ಎರಡು ಸಾಲು ಮುಂದೆ ನೀಲಿ ಟೋಪಿ ಹುಡುಗನೊಬ್ಬ ಹಿಡಿದ. ಎಲ್ಲರೂ ಎಸಿ ಎಸಿ ಅಂತ ಕೂಗಿದರು. ಅವನು ಒಂದು ಗಳಿಗೆ ಬಗ್ಗಿ ಚೀಲದ ಹತ್ತಿರ ಏನೋ ಮಾಡಿದ, ಆಮೇಲೆ ಎದ್ದು ಬೀಸಿ ಎಸೆದ. ಸ್ಟೇಡಿಯಂ ಪೂರ್ತಿ ಚಪ್ಪಾಳೆ.

ಪಕ್ಕದ ಹಿರಿಯರು ಮೆಲ್ಲಗೆ ತಮ್ಮ ಜೇಬು ತೆರೆದು ತೋರಿಸಿದರು. ಹೊಲಿಗೆ ಬಿಟ್ಟ ಹಳೇ ಚೆಂಡೊಂದು ಒಳಗೆ ಕೂತಿತ್ತು. ಬುದ್ಧಿವಂತರು ಬರುವಾಗಲೇ ಎಸೆಯೋಕೆ ಅಂತ ಒಂದನ್ನ ಇಟ್ಟುಕೊಂಡು ಬರ್ತಾರಂತೆ, ಅಸಲಿ ಮನೆಗೆ ಹೋಗುತ್ತೆ.

ಹಾಗಾದ್ರೆ ಆ ಹುಡುಗ ಎಸೆದದ್ದು ಯಾವುದು ಅಂತೀರಾ? ನಾನೂ ಅದನ್ನೇ ಕೇಳೋಕೆ ಬಾಯಿ ತೆರೆದೆ. ಅಳಿಯಂದಿರು ಕಾಲು ತುಳಿದರು.