ಪುಕ್ಕಟೆ ಕರೆಂಟಿನ ರಾಯರು

ಮದುವೆಯೂಟದ ಪಂಕ್ತಿಯಲ್ಲಿ ಹುಳಿ ಬರುವ ಮೊದಲೇ, "ನೀರಲ್ಲೇ ಕಾರು ಓಡಿಸ್ತಾರಂತೆ, ಗೊತ್ತೇನ್ರೀ?" ಎಂದು ಶುರುಮಾಡುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಹೆಸರು ಏನೇ ಇರಲಿ, ಪುಕ್ಕಟೆ ಕರೆಂಟಿನ ರಾಯರು ಎಂದರೆ ಗುರುತು ಹತ್ತುತ್ತದೆ. ಅವರು ದಡ್ಡರೇನಲ್ಲ. ತಕ್ಕಡಿಯ ಮುಳ್ಳು ನಿಂತ ಮೇಲೇ ತರಕಾರಿಗೆ ಚೀಲ ಒಡ್ಡುತ್ತಾರೆ. ಬಂಕಿನಲ್ಲಿ ಸೊನ್ನೆ ನೋಡದೆ ಪೈಪು ಮುಟ್ಟಗೊಡುವುದಿಲ್ಲ. ಆದರೆ ಆಯಸ್ಕಾಂತದ ಚಕ್ರವೊಂದು ತನ್ನಷ್ಟಕ್ಕೆ ತಿರುಗಿ ಬಲ್ಬು ಉರಿಸುವ ವಿಡಿಯೊ ಮೊಬೈಲಿಗೆ ಬಂದರೆ ಅಳೆಯುವ ಬುದ್ಧಿಗೆ ಅಂದು ರಜೆ. ಮೇಜಿನ ಕೆಳಗೇನಿದೆ ಎಂದು ಕೇಳಿದವರು ದೇಶದ ಪ್ರತಿಭೆಯನ್ನು ತುಳಿಯುವವರು!

ಇಂಥ ಯಂತ್ರಗಳ ಚರಿತ್ರೆ ಬಿಚ್ಚಿದರೆ ತಿಳಿಯುವುದಿಷ್ಟು: ಬಿಲ್ಲು ಇದ್ದೇ ಇರುತ್ತದೆ, ಕಟ್ಟುವವನು ಮಾತ್ರ ಕಾಣುವುದಿಲ್ಲ. 1813ರಲ್ಲಿ ಚಾರ್ಲ್ಸ್ ರೆಡ್‌ಹೆಫರ್ ನ್ಯೂಯಾರ್ಕಿನಲ್ಲಿ ತೋರಿಸುತ್ತಿದ್ದ ನಿತ್ಯ ತಿರುಗುವ ಯಂತ್ರದ ಪಕ್ಕದ ಹಲಗೆಗಳನ್ನು, ಉಗಿಹಡಗಿನ ಖ್ಯಾತಿಯ ರಾಬರ್ಟ್ ಫುಲ್ಟನ್ ಕಿತ್ತು ನೋಡಿದ. ಒಳಗೊಂದು ಪಟ್ಟಿ, ಅದರ ಜಾಡು ಹಿಡಿದು ಹೋದರೆ ಅಟ್ಟದಲ್ಲಿ ಮುದುಕನೊಬ್ಬ ಕೂತು ಹಿಡಿ ತಿರುಗಿಸುತ್ತಿದ್ದ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಸೊಪ್ಪು ಹಾಕಿ ಪೆಟ್ರೋಲ್ ಮಾಡುತ್ತೇನೆಂದಾಗ ದೇಶವೇ ಬೆರಗಾಯಿತು. ಮಾರಿದ್ದು ಟಾಲ್ವೀನ್, ನಾಫ್ತಾಗಳ ಬೆರಕೆ ಎಂದಿತು ಸಿಬಿಐ. 2016ರಲ್ಲಿ ಚೆನ್ನೈ ನ್ಯಾಯಾಲಯ ಮೂರು ವರ್ಷ ಜೈಲು ಶಿಕ್ಷೆ ವಿಧಿಸಿತು. ನೀರಿನ ಕಾರಿನ ಲೆಕ್ಕವೂ ಹೀಗೇ. ನೀರೆಂದರೆ ಆಗಲೇ ಉರಿದು ಮುಗಿದ ಜಲಜನಕ, ಒಲೆಯ ಬೂದಿಯಿದ್ದಂತೆ. ಅದನ್ನು ಒಡೆದು ಒಂದು ಕಿಲೊ ಜಲಜನಕ ತೆಗೆಯಲು ಸುಮಾರು 50 ಯೂನಿಟ್ ಕರೆಂಟು ಬೇಕು. ಉರಿಸಿದರೆ ಮರಳಿ ಬರುವುದು ಹೆಚ್ಚೆಂದರೆ 39. ಎಂಜಿನ್ನಿಗೆ ಹಾಕಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬರಿಯ ಬಿಸಿಯಾಗಿ ಹೋಗುತ್ತದೆ.

ರಾಯರ ಬತ್ತಳಿಕೆ ಇಷ್ಟಕ್ಕೆ ಬರಿದಾಗದು. "ಎಣ್ಣೆ ಕಂಪನಿಗಳು ಅದುಮಿಟ್ಟಿವೆ" ಎನ್ನುತ್ತಾರೆ. ತನಗೆ ಬೇಕಾದ ಎಣ್ಣೆಯನ್ನು ಹೆಚ್ಚುಕಡಿಮೆ ಪೂರ್ತಿ ಕೊಂಡೇ ತರುವ ಜಪಾನು ಇಂಥ ಗುಟ್ಟು ಸಿಕ್ಕಿದ್ದರೆ ಸುಮ್ಮನೆ ಕೂರುತ್ತಿತ್ತೇ? "ಹೊಸತನ್ನು ಕಂಡು ನಗುವುದು ಲೋಕದ ಚಾಳಿ" ಎಂಬುದು ಇನ್ನೊಂದು ಬಾಣ. ಇದರಲ್ಲಿ ಸತ್ಯವಿದೆ, ಆದರೆ ನಿಜವಾದ ಹೊಸತು ಅಳತೆಗೆ ಹೆದರುವುದಿಲ್ಲ. 1954ರಲ್ಲಿ ಬೆಲ್ ಲ್ಯಾಬ್ಸ್ ಸಿಲಿಕಾನ್ ಸೌರಕೋಶ ತೋರಿಸಿದಾಗ, ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ಆರು ಪಾಲಷ್ಟೇ ಕರೆಂಟಾಗುತ್ತದೆ ಎಂದು ನೇರವಾಗಿ ಹೇಳಿತ್ತು. ಆ ವಿದ್ಯೆ ಬೆಳೆದು ಇಂದು ಪಾವಗಡದಲ್ಲಿ 2,050 ಮೆಗಾವ್ಯಾಟ್ ಆಗಿದೆ. ಅದೂ ಪುಕ್ಕಟೆಯಲ್ಲ: ಸುಮಾರು 13,000 ಎಕರೆ ಹಿಡಿದಿದೆ, ರೈತರಿಗೆ ವರ್ಷ ವರ್ಷ ಗುತ್ತಿಗೆ ಸಲ್ಲಬೇಕು.

ತಮಾಷೆಯೆಂದರೆ, ಈ ತತ್ವ ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಗೃಹಜ್ಯೋತಿಯ ಶೂನ್ಯ ಬಿಲ್ಲು ಕೈಗೆ ಬಂದಾಗ, "ಇದೇನು ಬಿಟ್ಟಿಯೇ? ನಮ್ಮ ತೆರಿಗೆ ಕಣ್ರೀ!" ಎಂದು ಮೊದಲು ಗುಡುಗುವವರು ಅವರೇ. ಸರ್ಕಾರಕ್ಕೆ ಕೇಳುವ ಈ ಪ್ರಶ್ನೆಯನ್ನು ಆಯಸ್ಕಾಂತದ ಚಕ್ರಕ್ಕೂ ಕೇಳಿದರೆ ಸಾಕು, ರಾಯರಿಗಿಂತ ಒಳ್ಳೆಯ ವಿಜ್ಞಾನಿ ಊರಿಗೆ ಬೇಕಿಲ್ಲ.