ಹನ್ನೊಂದು ಡಾಲರಿನ ಧರ್ಮಶಾಸ್ತ್ರ

ವಾಹನಗಳು ಮಗುಚಿದಾಗ ಇಂಧನ ಸೋರದಂತೆ ತಡೆಯುವ ಸರ್ಕಾರೀ ನಿಯಮದ ಲಾಭನಷ್ಟಗಳನ್ನು ತೂಗಿ ಅಮೆರಿಕದ ಫೋರ್ಡ್ ಕಂಪನಿಯು 1973ರಲ್ಲಿ ಸಿದ್ಧಪಡಿಸಿದ ಲೆಕ್ಕಪತ್ರವನ್ನು ಕಂಕುಳಲ್ಲಿರಿಸಿಕೊಂಡು, ಕಲ್ಪನೆಯ ಕರಣಿಕನೊಬ್ಬನು ವಿನಯಪೂರ್ವಕವಾಗಿ ಯಮಸಭೆಯನ್ನು ಪ್ರವೇಶಿಸಿದನು.

ಕರಣಿಕ: ಸ್ವಾಮಿ, ತಾವೂ ಲೆಕ್ಕಿಗರು, ನಾನೂ ಲೆಕ್ಕಿಗ, ಪರಾಂಬರಿಸೋಣವಾಗಲಿ. ಒಂದಕ್ಕೆ 11 ಡಾಲರಿನಂತೆ 1.25 ಕೋಟಿ ವಾಹನಗಳಿಗೆ ತಗಲುವ ವೆಚ್ಚ 13.7 ಕೋಟಿ, ಅದರಿಂದ ಉಳಿಯುವ 180 ಪ್ರಾಣಗಳು, ತಪ್ಪುವ ಅಷ್ಟೇ ಸುಟ್ಟಗಾಯಗಳು, 2,100 ವಾಹನಗಳು, ಎಲ್ಲವೂ ಕೂಡಿ 4.95 ಕೋಟಿ ಮಾತ್ರ.

ಚಿತ್ರಗುಪ್ತ: ಪ್ರಾಣಕ್ಕೆ ಬೆಲೆ ಕಟ್ಟಿದ ಪುಣ್ಯಾತ್ಮರಾರಯ್ಯ?

ಕರಣಿಕ: ತಲೆಗೆ 2 ಲಕ್ಷವೆಂಬ ಅಂಕಿಯನ್ನು ಸರ್ಕಾರದ ಸಂಸ್ಥೆಯೇ ದಯಪಾಲಿಸಿತ್ತು. ನಾವು ಗುಣಿಸಿದೆವಷ್ಟೆ, ಗುಣಾಕಾರದಲ್ಲಿ ಪಾಪವುಂಟೆ?

ಚಿತ್ರಗುಪ್ತ: ಯುಗಯುಗಾಂತರಗಳಿಂದ ಪಾಪಪುಣ್ಯಗಳನ್ನು ಬರೆಯುತ್ತ ಬೆನ್ನು ಬಾಗಿಸಿಕೊಂಡಿರುವ ನನಗೂ ಇಂಥ ಕೋಷ್ಟಕವೊಂದು ದೊರೆತಿರಲಿಲ್ಲ. ಇರಲಿ, ಅದು ಮಗುಚುವ ವಾಹನಗಳ ಮಾತಾಯಿತು. ಹಿಂದಿನಿಂದ ಗುದ್ದಿದರೆ ಹೊತ್ತಿಕೊಳ್ಳುತ್ತಿದ್ದ ನಿಮ್ಮ ಕಂಪನಿಯ ಪಿಂಟೋ ಕಾರಿನ ವ್ಯಾಜ್ಯವೇನಾಯಿತು?

ಕರಣಿಕ: 1978ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯವರು 12.5 ಕೋಟಿ ಡಾಲರ್ ದಂಡರೂಪದ ಪರಿಹಾರವನ್ನು ವಿಧಿಸಿದರು. ನ್ಯಾಯಾಧೀಶರು ಕನಿಕರಿಸಿ ಅದನ್ನು 35 ಲಕ್ಷಕ್ಕೆ ಇಳಿಸಿದರು. ಅದೇ ವರ್ಷ ಸುಮಾರು 15 ಲಕ್ಷ ಕಾರುಗಳನ್ನು ಸ್ವೇಚ್ಛೆಯಿಂದ ಹಿಂದಕ್ಕೆ ಕರೆಸಿಕೊಂಡೆವು.

ಚಿತ್ರಗುಪ್ತ: ಸ್ವೇಚ್ಛೆಯಿಂದಲೆ?

ಕರಣಿಕ: ಅಹುದು ಸ್ವಾಮಿ, ದೋಷವುಂಟೆಂದು ಸರ್ಕಾರ ಸಾರಿದ ಮರುತಿಂಗಳೇ!

ಚಿತ್ರಗುಪ್ತ (ಲೇಖನಿಯನ್ನು ಕೆಳಗಿರಿಸಿ): ಕಾರುಗಳನ್ನು ಹಿಂದಕ್ಕೆ ಕರೆಸುವವರು ನೀವು, ಜನರನ್ನು ಹಿಂದಕ್ಕೆ ಕರೆಸುವವರು ನಾವು; ಭೇದವಿಷ್ಟೆ, ಕರೆಸಿಕೊಂಡುದನ್ನು ದುರಸ್ತಿಮಾಡಿ ಒಡೆಯರ ಮನೆಗೆ ಮರಳಿಸುವ ಸಂಪ್ರದಾಯವು ನಮ್ಮ ಇಲಾಖೆಯಲ್ಲಿಲ್ಲ.